ಅನುದಾನದ ದಿನ, ಕಲಿಕೆಯ ಕಾಲ: ಕೋಲಾರ ಸೀಮೆಯ ಸಮುದಾಯ ಕಲೆ ಹಾಗೂ ಮಕ್ಕಳ ಶಿಬಿರಗಳನ್ನು ಕುರಿತು

ಕನ್ನಡದ ಮಕ್ಕಳ ರಂಗಭೂಮಿಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ಕೃತಿಗಳ ಪೈಕಿ ಬಿ.ವಿ. ಕಾರಂತರ ‘ಪಂಜರ ಶಾಲೆ’ ಪ್ರಮುಖವಾದುದು. ರವೀಂದ್ರನಾಥ ಠಾಕೂರರು 1918ರಲ್ಲಿ ಪ್ರಕಟಿಸಿದ ‘ತೋತಾ ಕಾಹಿನಿ’ ಎಂಬ ಪುಟ್ಟ ಕತೆ ಇದರ ಮೂಲ. ಹಾಡುತ್ತ ಹಾರುತ್ತ ಇದ್ದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ಅರಸನಿಗೆ ಅನ್ನಿಸುತ್ತದೆ. ಹೊಣೆ ಅರಸನ ಸೋದರಳಿಯಂದಿರಿಗೆ ಬೀಳುತ್ತದೆ. ಮೊದಲು ಚಿನ್ನದ ಪಂಜರ ಸಿದ್ಧವಾಗುತ್ತದೆ. ಆಮೇಲೆ ಪಂಡಿತರು, ಪುಸ್ತಕಗಳನ್ನು ಪ್ರತಿಮಾಡುವ ಲಿಪಿಕಾರರು, ಅವರನ್ನು ನೋಡಿಕೊಳ್ಳುವ ಮೇಲ್ವಿಚಾರಕರು, ಮೇಲ್ವಿಚಾರಕರ ನಂಟರಿಷ್ಟರು ಒಬ್ಬೊಬ್ಬರಾಗಿ ಬರುತ್ತಾರೆ. ಎಲ್ಲರಿಗೂ ಸಂಭಾವನೆ ಸಲ್ಲುತ್ತದೆ. ಅರಸ ಶಾಲೆಯನ್ನು ನೋಡಲು ಬಂದ ದಿನ ಶಂಖ, ಜಾಗಟೆ, ನಗಾರಿಗಳ ಅಬ್ಬರದಲ್ಲಿ ಗಿಳಿಯನ್ನು ನೋಡುವುದನ್ನೇ ಅವನು ಮರೆಯುತ್ತಾನೆ. ಪೊದೆಯ ಮರೆಯಲ್ಲಿ ಅಡಗಿದ್ದ ನಿಂದಕನೊಬ್ಬ ಜ್ಞಾಪಿಸಿದ ಮೇಲೆ ಹಿಂದಿರುಗಿ ನೋಡಿದರೆ, ಕಲಿಸುವ ಏರ್ಪಾಡು ಗಿಳಿಗಿಂತ ಎಷ್ಟೋ ದೊಡ್ಡದಾಗಿ ಬೆಳೆದಿರುತ್ತದೆ. ಗಿಳಿ ಸತ್ತಾಗ ಅದರ ಶಿಕ್ಷಣ ಪೂರ್ಣಗೊಂಡಿತೆಂದು ವರದಿಯಾಗುತ್ತದೆ.

ಈ ಕತೆಯನ್ನು ಶಾಲಾಶಿಕ್ಷಣದ ವಿಡಂಬನೆಯೆಂದು ಓದುವುದು ರೂಢಿ. ಶಿಬಿರಗಳಲ್ಲಿ ಇದನ್ನು ಆಡಿಸುವ ನಿರ್ದೇಶಕರೂ ಬಹುಮಟ್ಟಿಗೆ ಹಾಗೆಯೇ ಓದುತ್ತಾರೆ. ಆದರೆ ಕತೆಯ ವಿವರಗಳನ್ನು ತುಸು ನಿಧಾನವಾಗಿ ಪರಿಶೀಲಿಸಿದರೆ ಅದು ಸಾರ್ವಜನಿಕ ವೆಚ್ಚದ ಕತೆಯೂ ಹೌದೆಂಬುದು ಗೋಚರಿಸುತ್ತದೆ. ಅಲ್ಲಿ ಯಾರೂ ಹಣವನ್ನು ಗುಟ್ಟಾಗಿ ಕದಿಯುವುದಿಲ್ಲ. ಪಂಜರ ನಿಜವಾಗಿ ಚಿನ್ನದ್ದೇ, ಗ್ರಂಥಗಳನ್ನು ಲಿಪಿಕಾರರು ನಿಜವಾಗಿ ಪ್ರತಿಮಾಡಿರುತ್ತಾರೆ, ತಪಾಸಣೆಯೂ ನಡೆದಿರುತ್ತದೆ. ಲೆಕ್ಕಪರಿಶೋಧಕನೊಬ್ಬ ಬಂದಿದ್ದರೆ ಅವನಿಗೆ ಆಕ್ಷೇಪಿಸಲು ಹೆಚ್ಚೇನೂ ಸಿಗುತ್ತಿರಲಿಲ್ಲ. ಎಣಿಸಲು ಬರುವ ಎಲ್ಲವನ್ನೂ ಎಣಿಸಲಾಗಿದ್ದು, ಎಣಿಸಲು ಬಾರದ ಒಂದೇ ಒಂದು ಸಂಗತಿ ಪಂಜರದೊಳಗೆ ಉಳಿದಿರುತ್ತದೆ. ಸರ್ಕಾರಿ ಧನಸಹಾಯದಿಂದ ನಡೆಯುವ ಬೇಸಿಗೆ ಶಿಬಿರದ ಸಮಾರೋಪದಲ್ಲಿ ಮಕ್ಕಳು ಇದೇ ನಾಟಕವನ್ನು ಆಡುವಾಗ, ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರ ಜೊತೆಗೆ ಶಿಬಿರವೂ ನಾಟಕದ ವಸ್ತುವಾಗಿಬಿಡುತ್ತದೆ. ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಗುವ ವಿಮರ್ಶೆಯೂ ಇದೇ ಬೊಕ್ಕಸದ ನೆರಳಿನಲ್ಲಿರುವುದರಿಂದ ನಿಂದಕನ ಪಾತ್ರ ಇಲ್ಲಿ ಯಾರಿಗೂ ಸಲೀಸಾಗಿ ದಕ್ಕುವಂಥದಲ್ಲ.

ಪ್ರಸ್ತುತ ಬರಹದ ವ್ಯಾಪ್ತಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸೀಮೆಗೆ ಸೀಮಿತವಾದುದು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಕೋಲಾರ ಹನ್ನೊಂದು ತಾಲ್ಲೂಕುಗಳ ಜಿಲ್ಲೆಯಾಗಿತ್ತು. ಡಿ.ವಿ.ಜಿ. ಮುಳಬಾಗಿಲಿನವರು, ಮಾಸ್ತಿ ಮಾಲೂರು ತಾಲ್ಲೂಕಿನವರು ಎಂಬುದನ್ನು ಜಿಲ್ಲೆಯ ಎಲ್ಲ ವೇದಿಕೆಗಳಲ್ಲಿ ಸ್ಮರಿಸಲಾಗುತ್ತದೆ. ಅದೇ ವೇದಿಕೆಗಳಲ್ಲಿ ಹೇಳದೆ ಬಿಡುವ ಮತ್ತೊಂದು ಸಂಗತಿಯೆಂದರೆ, 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳವರ ಪಾಲು ಶೇ. 30ಕ್ಕೂ ಹೆಚ್ಚು ಎಂಬುದು. ಇಲ್ಲಿಯ ಸಮುದಾಯ ಕಲೆಗಳ ಬಗೆಗಿನ ಯಾವ ಚರ್ಚೆಯೂ ಈ ಅಂಕಿಯನ್ನು ಬದಿಗಿರಿಸಿ ಮುಂದುವರಿಯಲಾರದು.

ಸರ್ಕಾರದ ಹಣ ಕಲೆಗೆ ಯಾವ ರೂಪದಲ್ಲಿ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಂಘಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. ವಾದ್ಯ ಹಾಗೂ ವೇಷಭೂಷಣಗಳ ಖರೀದಿಗೆ ನೆರವು, ವಯಸ್ಸಾದ ಕಲಾವಿದರಿಗೆ ಮಾಸಾಶನ, ಉತ್ಸವಗಳಲ್ಲಿ ಭಾಗವಹಿಸುವ ತಂಡಗಳಿಗೆ ಸಂಭಾವನೆ ಕೊಡುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳ ಅಡಿಯಲ್ಲಿ ಪ್ರತ್ಯೇಕ ಹಣವಿದ್ದು, ಅದರ ಹಂಚಿಕೆಗೆ 2013ರ ಅಧಿನಿಯಮದ ಬಲವಿದೆ. ವಿವಿಧ ಅಕಾಡೆಮಿಗಳು ತಂತಮ್ಮ ಕ್ಷೇತ್ರದಲ್ಲಿ ಶಿಬಿರ, ಕಮ್ಮಟಗಳನ್ನು ನಡೆಸುತ್ತವೆ. ಮಕ್ಕಳ ಮಟ್ಟಿಗೆ ಬಾಲಭವನದ ಬೇಸಿಗೆ ಶಿಬಿರ ಹಾಗೂ ‘ಕಲಾಶ್ರೀ’ ಆಯ್ಕೆಗಳು, ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’ ಸ್ಪರ್ಧೆಗಳು ಇವೆ. ಗಡಿ ತಾಲ್ಲೂಕುಗಳಲ್ಲಿ 2010ರ ಅಧಿನಿಯಮದಿಂದ ರೂಪುಗೊಂಡ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಹಣ ಒದಗಿಸುತ್ತದೆ. ಹೀಗೆ ಪಟ್ಟಿ ಮಾಡಿದರೆ ಪ್ರಭುತ್ವ ಕಲೆಯನ್ನು ಕಡೆಗಣಿಸಿದೆಯೆಂಬ ದೂರು ಪೂರ್ತಿ ನಿಲ್ಲುವುದಿಲ್ಲ.

ಆದರೆ ಈ ಬಾಬುಗಳಲ್ಲಿ ಮಾಸಾಶನವೊಂದನ್ನು ಬಿಟ್ಟರೆ ಉಳಿದವುಗಳ ಬಹುಭಾಗ ಕೊಳ್ಳುವುದು ಒಂದು ದಿನವನ್ನು ಅಥವಾ ಒಂದು ವಸ್ತುವನ್ನು. ಕಾರ್ಯಕ್ರಮ ನಡೆಯಿತೇ, ಆಹ್ವಾನ ಪತ್ರಿಕೆ ಅಚ್ಚಾಯಿತೇ, ಛಾಯಾಚಿತ್ರ ಮತ್ತು ಪತ್ರಿಕಾ ವರದಿಗಳಿವೆಯೇ, ಹಣಬಳಕೆ ಪ್ರಮಾಣಪತ್ರ ಸಲ್ಲಿಕೆಯಾಯಿತೇ ಎಂಬುವು ಕಡತಕ್ಕೆ ಬೇಕಾದ ಪುರಾವೆಗಳು. ಇವುಗಳಲ್ಲಿ ತಪ್ಪೇನೂ ಇಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಕಲಿಕೆಯ ಪುರಾವೆಯಾದರೂ ಛಾಯಾಚಿತ್ರದಲ್ಲಿ ಮೂಡುವಂಥದಲ್ಲ. ತಮಟೆಯ ಒಂದು ವರಸೆಯನ್ನು ಹುಡುಗಿಯೊಬ್ಬಳ ಕೈ ಮೂರು ತಿಂಗಳಲ್ಲಿ ಹಿಡಿದುಕೊಂಡಿತೆಂಬುದನ್ನು ಯಾವ ನಮೂನೆಯ ಯಾವ ಅಂಕಣದಲ್ಲಿ ತುಂಬಬೇಕು? ಅಂಕಣವಿಲ್ಲದ್ದು ಕ್ರಮೇಣ ಚಟುವಟಿಕೆಯಿಂದಲೇ ಜಾರಿಹೋಗುತ್ತದೆ. ಅನುದಾನದ ನಮೂನೆ ಕಲೆಯ ಹೊರಗಿನ ಆಡಳಿತ ವಿವರವೆಂದು ಭಾವಿಸುವುದು ಈ ಕಾರಣದಿಂದ ಸರಿಯಲ್ಲ. ಅದು ಕೃತಿಯ ಬಂಧದೊಳಗೆ ಇಳಿಯುತ್ತದೆ.

ಶಿಬಿರನಾಟಕವೆಂದು ಈಗ ಗುರುತಿಸಬಹುದಾದ ಒಂದು ಪ್ರಕಾರವೇ ರೂಪುಗೊಂಡಿದೆ. ಹದಿನೈದಿಪ್ಪತ್ತು ದಿನಗಳ ಅವಧಿ. ಅದರ ಕೊನೆಗೆ ಮುಕ್ಕಾಲು ಗಂಟೆಯ ಪ್ರದರ್ಶನ. ಹೆಸರು ಕೊಟ್ಟ ಎಲ್ಲ ಮಕ್ಕಳಿಗೂ ವೇದಿಕೆ ಸಿಗಬೇಕಾದ್ದರಿಂದ ಪಾತ್ರಗಳಿಗಿಂತ ಗುಂಪುಗಳು ಹೆಚ್ಚು: ಮರಗಳ ಗುಂಪು, ಮೋಡಗಳ ಗುಂಪು, ಪ್ರಾಣಿಗಳ ಗುಂಪು. ಸಂಭಾಷಣೆಗಿಂತ ಮೇಳದ ಹಾಡು ಹೆಚ್ಚು, ಏಕೆಂದರೆ ಹಾಡಿನಲ್ಲಿ ಒಂದು ಮಗುವಿನ ಮರೆವನ್ನು ಉಳಿದವರ ದನಿ ಮುಚ್ಚುತ್ತದೆ. ವಸ್ತು ಪರಿಸರ, ನೀರು, ಸ್ವಚ್ಛತೆ ಅಥವಾ ಬಾಲ್ಯವಿವಾಹದ ನಿಷೇಧ. ಕೊನೆಯಲ್ಲಿ ಪ್ರೇಕ್ಷಕರಿಗೆ ನೇರ ಬೋಧನೆ. ಈ ಲಕ್ಷಣಗಳನ್ನು ನಿರ್ದೇಶಕರ ಅಭಿರುಚಿಯ ಕೊರತೆಯೆಂದು ತೀರ್ಮಾನಿಸುವ ವಿಮರ್ಶೆ ಅನ್ಯಾಯದ್ದು. ಪ್ರತಿಯೊಂದು ಲಕ್ಷಣವೂ ಹಣ ಮತ್ತು ಕಾಲದ ನಿರ್ಬಂಧಕ್ಕೆ ಕೊಟ್ಟ ಬುದ್ಧಿವಂತ ಉತ್ತರವೇ. ಮೇಳದ ಹಾಡನ್ನು ಕಾರಂತರು ತಮ್ಮ ನಾಟಕಗಳಲ್ಲಿ ಕಾವ್ಯವಾಗಿಸಿದರು. ಅವರ ನಂತರದ ಶಿಬಿರಗಳಲ್ಲಿ ಅದೇ ತಂತ್ರ ಬಹುಪಾಲು ಅನುಕೂಲವಾಗಿ ಉಳಿಯಿತು. ಅವಧಿ ಹಿಗ್ಗಿದರೆ ರೂಪ ಬದಲಾಗುತ್ತದೆಯೆಂಬುದಕ್ಕೆ ನಿದರ್ಶನಗಳಿಲ್ಲದಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ವರ್ಷವಿಡೀ ಅಲ್ಲೇ ಕೆಲಸ ಮಾಡುವ ಕಲಾವಿದರ, ಸಿದ್ಧ ರಂಗಸಜ್ಜಿಕೆಯ ಬೆಂಬಲವಿದೆ. ಮುಳಬಾಗಿಲು ಅಥವಾ ಶ್ರೀನಿವಾಸಪುರದಲ್ಲಿ ಅಂಥ ಬೆಂಬಲವಿಲ್ಲದೆ ಅದೇ ಮಾದರಿಯನ್ನು ನಿರೀಕ್ಷಿಸುವುದು ಬಾವಿ ತೋಡದೆ ಏತ ಹೂಡಿದಂತೆ.

ಕಾಲದ ಪ್ರಶ್ನೆಗೆ ಮತ್ತೊಂದು ಮುಖವಿದೆ. ಸರ್ಕಾರದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ವರ್ಷದ ಕೊನೆಗೆ ಬಿಡುಗಡೆಯಾದ ಹಣವನ್ನು ಮಾರ್ಚ್ ತಿಂಗಳೊಳಗೆ ಖರ್ಚುಮಾಡುವ ಧಾವಂತ ಎಲ್ಲ ಇಲಾಖೆಗಳಿಗೂ ಪರಿಚಿತ. ಮಕ್ಕಳಿಗೆ ಮಾರ್ಚ್ ಪರೀಕ್ಷೆಯ ತಿಂಗಳು. ಏಪ್ರಿಲ್ ಎರಡನೆಯ ವಾರದಲ್ಲಿ ರಜೆ ಆರಂಭವಾಗಿ ಮಕ್ಕಳು ಬಿಡುವಾಗುವ ಹೊತ್ತಿಗೆ ಹೊಸ ಆರ್ಥಿಕ ವರ್ಷ ಈಗಷ್ಟೇ ಕಣ್ಣು ಬಿಟ್ಟಿರುತ್ತದೆ. ಹೊಸ ಹಂಚಿಕೆಯ ಹಣ ಕೆಳಗಿಳಿಯಲು ಸಮಯ ಬೇಕು. ಹಾಗಾಗಿ ಬೇಸಿಗೆ ಶಿಬಿರವನ್ನು ನಡೆಸುವ ಸಣ್ಣ ಸಂಸ್ಥೆ ಮೊದಲು ಕೈಯಿಂದ ಖರ್ಚು ಮಾಡಿ ನಂತರ ಧನಸಹಾಯಕ್ಕೆ ಕಾಯಬೇಕಾಗುತ್ತದೆ. ಕೈಯಲ್ಲಿ ಹಣವಿಲ್ಲದ ಸಂಸ್ಥೆ ಮಕ್ಕಳಿಂದ ಶುಲ್ಕ ಪಡೆಯುತ್ತದೆ. ಶುಲ್ಕ ಬಂದೊಡನೆ ಶಿಬಿರ ಪಟ್ಟಣದ ಮಧ್ಯಮವರ್ಗದ ಮಕ್ಕಳ ರಜಾಕಾಲದ ಚಟುವಟಿಕೆಯಾಗಿ ಮಾರ್ಪಡುತ್ತದೆ. ಮಾವಿನ ತೋಪಿನಲ್ಲಿ ಕಾಯಿ ಕೀಳಲು, ಇಟ್ಟಿಗೆ ಗೂಡಿನಲ್ಲಿ ತಂದೆತಾಯಿಗೆ ನೆರವಾಗಲು ಹೋಗುವ ಮಗು ಹೊರಗುಳಿಯುತ್ತದೆ. ಶ್ರೀನಿವಾಸಪುರದ ಮಾವಿನ ಸುಗ್ಗಿ ಮತ್ತು ಶಾಲಾರಜೆ ಒಂದೇ ಕಾಲಕ್ಕೆ ಬರುತ್ತವೆ ಎಂಬುದನ್ನು ಶಿಬಿರಗಳ ವೇಳಾಪಟ್ಟಿ ರೂಪಿಸುವವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಇದೇ ತಿಂಗಳುಗಳು ಈ ಸೀಮೆಯ ಊರಹಬ್ಬಗಳ ಕಾಲವೂ ಹೌದು. ಸುಗ್ಗಿ ಮುಗಿದು ಮುಂಗಾರು ಹತ್ತುವವರೆಗಿನ ಬಿಡುವಿನಲ್ಲಿ ಕರಗ, ದ್ರೌಪದಮ್ಮನ ಉತ್ಸವ, ಗ್ರಾಮದೇವತೆಗಳ ಜಾತ್ರೆ, ಕೇಳಿಕೆ ನಡೆಯುತ್ತವೆ. ಕೇಳಿಕೆಯೆಂಬುದು ಮೂಡಲಪಾಯದ ಬಯಲಾಟಕ್ಕೆ ಸಮೀಪದ, ಕೋಲಾರ ಸೀಮೆಯ ಹಳ್ಳಿಗಳ ರಂಗಪ್ರಕಾರ. ಊರವರು ವಂತಿಗೆ ಕೂಡಿಸಿ ಮೇಷ್ಟರೊಬ್ಬರನ್ನು ಗೊತ್ತುಮಾಡಿ, ರಾತ್ರಿ ಊಟದ ನಂತರ ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ಕೊನೆಗೆ ಒಂದು ಇಡೀ ರಾತ್ರಿ ಆಡುವ ಪದ್ಧತಿ ಅದರದು. ಪ್ರದರ್ಶನದ ಒಂದು ರಾತ್ರಿಯ ಹಿಂದೆ ಅಭ್ಯಾಸದ ನೂರು ರಾತ್ರಿಗಳಿರುತ್ತಿದ್ದವು. ಮಕ್ಕಳು ಕಲಿತದ್ದು ಆ ಅಭ್ಯಾಸದ ರಾತ್ರಿಗಳಲ್ಲಿ, ಕಂಬಕ್ಕೊರಗಿ, ಅರೆನಿದ್ದೆಯಲ್ಲಿ. ಸರ್ಕಾರದ ಸಂಭಾವನೆ ಈ ಕಲೆಯನ್ನು ತಲುಪುವುದು ಅದನ್ನು ಅರ್ಧ ಗಂಟೆಗೆ ಮೊಟಕುಗೊಳಿಸಿ ಉತ್ಸವದ ವೇದಿಕೆಗೆ ತಂದಾಗ. ಅಭ್ಯಾಸದ ಮನೆಗೆ ಅದು ಬರುವುದಿಲ್ಲ, ಬರಲು ದಾರಿಯೂ ಇಲ್ಲ. ಏಕೆಂದರೆ ಆಟ ಕಲಿಯುವ ಊರು ನೋಂದಾಯಿತ ಸಂಸ್ಥೆಯಲ್ಲ, ಅದರ ವಂತಿಗೆಯ ಪುಸ್ತಕಕ್ಕೆ ಲೆಕ್ಕಪರಿಶೋಧಕರ ಮೊಹರಿಲ್ಲ.

ಹಿಂದಿನದನ್ನು ಕೊಂಡಾಡುವ ಮುನ್ನ ಮತ್ತೊಂದು ಲೆಕ್ಕವನ್ನೂ ಒಪ್ಪಿಸಬೇಕು. ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಈ ಸೀಮೆಯ ಶಾಸನಗಳಲ್ಲಿ ದೇವಾಲಯ, ಕೆರೆ, ವೀರನ ಸಂತತಿ ಮೊದಲಾದವುಗಳಿಗೆ ಭೂಮಿಯನ್ನು ಕೊಡಗೆಯಾಗಿ ಬಿಡುವ ಪದ್ಧತಿಯನ್ನು ಮತ್ತೆಮತ್ತೆ ಕಾಣಬಹುದು. ಕೆರೆಗೊಡಗೆ, ನೆತ್ತರುಗೊಡಗೆ ಎಂಬ ಪದಗಳೇ ಆ ವ್ಯವಸ್ಥೆಯ ಸಾಕ್ಷಿ. ಕೊಡಗೆಯ ಭೂಮಿ ವರ್ಷವರ್ಷವೂ ಬೆಳೆ ಕೊಡುತ್ತದೆ. ಆದ್ದರಿಂದ ಅದು ಕೊಳ್ಳುತ್ತಿದ್ದದ್ದು ಒಂದು ದಿನದ ಸೇವೆಯನ್ನಲ್ಲ, ತಲೆಮಾರುಗಳ ಕಾಲವನ್ನು. ಕೆರೆಯ ಹೂಳು ಒಮ್ಮೆ ತೆಗೆದರೆ ಸಾಲದೆಂಬ ತಿಳಿವಳಿಕೆ ಆ ಪದ್ಧತಿಯಲ್ಲಿತ್ತು. ಆದರೆ ಇದೇ ತರ್ಕ ತೋಟಿ, ತಳವಾರ, ನೀರಗಂಟಿಗಳ ಇನಾಮಿಗೂ ಅನ್ವಯವಾಗಿತ್ತು. ಸಾವು, ಸಾರು, ಜಾತ್ರೆಗಳಲ್ಲಿ ತಮಟೆ ಬಡಿಯುವುದು ಜಾತಿಗೆ ಅಂಟಿದ ಬಿಟ್ಟಿಯಾಗಿತ್ತು. ಇನಾಮಿನ ತುಂಡು ನೆಲ ಅದರ ಕೂಲಿಯೂ ಹೌದು, ಕಟ್ಟುಪಾಡೂ ಹೌದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ ಆ ಕಟ್ಟನ್ನು ಕಾನೂನಿನ ಮಟ್ಟಿಗಾದರೂ ಬಿಡಿಸಿತು. 1970ರ ದಶಕದಿಂದ ಬೆಳೆದ ದಲಿತ ಚಳವಳಿ, ಮೇಲ್ಜಾತಿಯವರ ಸಾವಿಗೆ, ಹಬ್ಬಕ್ಕೆ ತಮಟೆ ಬಡಿಯಲು ನಿರಾಕರಿಸುವುದನ್ನು ಘನತೆಯ ಪ್ರಶ್ನೆಯಾಗಿಸಿತು. ಅದೇ ಚಳವಳಿ ತನ್ನ ಹೋರಾಟದ ಹಾಡಿಗೆ ತಮಟೆಯನ್ನೇ ಹಿಮ್ಮೇಳವಾಗಿ ಎತ್ತಿಕೊಂಡಿತು. ಕೊಡಗೆ ಮತ್ತು ಇನಾಮು ಕಲಾವಿದನಿಗೆ ಕಾಲವನ್ನು ಕೊಟ್ಟು ಆಯ್ಕೆಯನ್ನು ಕಿತ್ತುಕೊಂಡವು. ಆಧುನಿಕ ಅನುದಾನ ಆಯ್ಕೆಯನ್ನು ಗೌರವಿಸಿದೆ, ಕಾಲವನ್ನು ಕೊಟ್ಟಿಲ್ಲ. ಇವೆರಡರ ನಡುವೆ ಸಿಕ್ಕಿರುವುದೇ ಕೋಲಾರ ಸೀಮೆಯ ಸಮುದಾಯ ಕಲೆಯ ಇಂದಿನ ಸ್ಥಿತಿ.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ಇಡೀ ಹಳೆಯ ಕೋಲಾರ ಸೀಮೆ ಹೆಮ್ಮೆಪಟ್ಟಿತು. ಪ್ರಶಸ್ತಿ ಕಲಾವಿದನ ಬಾಳಿನ ಸಾಧನೆಗೆ ಸಲ್ಲುವ ಗೌರವ. ಕಲಿಯುವ ಮಗುವಿಗೆ ಬೇಕಾದುದು ಬೇರೆ. ಪರಿಶಿಷ್ಟ ಜಾತಿ ಉಪಯೋಜನೆಯ ಹಣದಲ್ಲಿ ತಮಟೆ ತರಬೇತಿಯ ಶಿಬಿರಗಳು ನಡೆಯುವುದು ಸ್ವಾಗತಾರ್ಹವೇ. ಆದರೆ ಆ ಹಣದ ಫಲಾನುಭವಿಗಳು ಪರಿಶಿಷ್ಟ ಜಾತಿಯ ಮಕ್ಕಳೇ ಆಗಿರಬೇಕೆಂಬ ನಿಯಮ ನ್ಯಾಯಸಮ್ಮತವಾಗಿದ್ದೂ ಒಂದು ವಿಚಿತ್ರ ಪರಿಣಾಮಕ್ಕೆ ಎಡೆಮಾಡುತ್ತದೆ. ತಮಟೆ ಮತ್ತೆ ಅದೇ ಕೇರಿಯ ಮಕ್ಕಳ ಕೈಗೆ ಬರುತ್ತದೆ. ಚಿತ್ರಕಲೆ, ಸುಗಮ ಸಂಗೀತ, ನಾಟಕಗಳು ಪಟ್ಟಣದ ಸಾಮಾನ್ಯ ಶಿಬಿರಕ್ಕೆ ಹೋಗುತ್ತವೆ. ಉಪಯೋಜನೆಯ ಹಣವನ್ನು ಕೇರಿಯ ಮಕ್ಕಳ ಚಿತ್ರಕಲೆಗೂ ಸಾಮಾನ್ಯ ಶೀರ್ಷಿಕೆಯ ಹಣವನ್ನು ಎಲ್ಲ ಮಕ್ಕಳ ತಮಟೆ ಕಲಿಕೆಗೂ ವಿನಿಯೋಗಿಸುವುದನ್ನು ಯಾವ ನಿಯಮವೂ ತಡೆಯಬೇಕಾಗಿಲ್ಲ. ತಡೆಯುತ್ತಿರುವುದು ಅಭ್ಯಾಸ.

‘ಸಮುದಾಯ’ ಎಂಬ ಪದವನ್ನೇ ಇಲ್ಲಿ ಪರಿಶೀಲನೆಗೆ ಒಳಪಡಿಸಬೇಕಾಗುತ್ತದೆ. 1975ರಲ್ಲಿ ಹುಟ್ಟಿದ ರಂಗಸಂಘಟನೆಯೊಂದು ಅದನ್ನು ತನ್ನ ಹೆಸರಾಗಿಸಿಕೊಂಡಾಗ ಆ ಪದಕ್ಕೆ ಕಟ್ಟಬೇಕಾದ ಒಂದು ಸಮಾಜದ ಅರ್ಥವಿತ್ತು. ಯೋಜನೆಗಳ ಭಾಷೆಯಲ್ಲಿ ಅದೇ ಪದ ಈಗಾಗಲೇ ಇರುವ, ಒಡಕಿಲ್ಲದ ಒಂದು ಊರನ್ನು ಕಲ್ಪಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಬಾಲಕನೊಬ್ಬ ಗ್ರಾಮದೇವತೆಯ ಉತ್ಸವದ ಕೋಲನ್ನು ಮುಟ್ಟಿದನೆಂಬ ಕಾರಣಕ್ಕೆ ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತೆಂಬ ಆರೋಪ ಕೇಳಿಬಂದು, ಪ್ರಕರಣ ದಾಖಲಾಗಿ, ರಾಜ್ಯದ ಗಮನ ಸೆಳೆಯಿತು. ಉತ್ಸವದ ಕೋಲು, ಮೆರವಣಿಗೆ, ವಾದ್ಯ ಇವೆಲ್ಲವೂ ಸಂಶೋಧನ ಗ್ರಂಥಗಳಲ್ಲಿ ‘ಸಮುದಾಯ ಕಲೆ’ಯ ಅಧ್ಯಾಯದಲ್ಲಿ ವರ್ಣನೆಗೊಳ್ಳುವ ಸಂಗತಿಗಳೇ. ಮಗುವೊಂದು ಕಲೆಯ ಕಡೆಗೆ ಚಾಚುವ ಕೈ ಮೊದಲು ಮುಟ್ಟುವುದು ಇಂಥದೊಂದು ಕೋಲನ್ನೇ. ಪ್ರಭುತ್ವ ನಡೆಸುವ ಶಿಬಿರಕ್ಕೆ ಈ ಸೀಮೆಯಲ್ಲಿ ಇರುವ ಅತ್ಯಂತ ಗಟ್ಟಿಯಾದ ಸಮರ್ಥನೆ ಇದು: ಊರಿನ ಹಬ್ಬ ಮುಟ್ಟಗೊಡದ ಕೋಲನ್ನು ಶಿಬಿರ ಎಲ್ಲ ಮಕ್ಕಳ ಕೈಗೂ ಕೊಡಬಲ್ಲುದು. ಆ ಸಾಧ್ಯತೆಯನ್ನು ಹದಿನೈದು ದಿನಗಳಲ್ಲಿ ಮುಗಿಸಿಬಿಡುವುದೇ ನಷ್ಟ.

ಭಾಷೆಯ ವಿಷಯದಲ್ಲೂ ಶಿಬಿರಗಳು ಒಂದು ಸಂಪತ್ತನ್ನು ಬಾಗಿಲಾಚೆ ಬಿಟ್ಟುಬರುತ್ತವೆ. ಶ್ರೀನಿವಾಸಪುರ, ಮುಳಬಾಗಿಲುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಮಾಲೂರಿನ ಅಂಚಿನಲ್ಲಿ ತಮಿಳೂ ಕೂಡಿಕೊಳ್ಳುತ್ತದೆ. ಕೇಳಿಕೆಯ ಪದಗಳಲ್ಲಿ ಎರಡೂ ಭಾಷೆಗಳು ಸಂಕೋಚವಿಲ್ಲದೆ ಬೆರೆತಿವೆ. ಕೈವಾರದ ನಾರೇಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಅವರ ಪದಗಳನ್ನು ಭಜನೆಯಲ್ಲಿ ಹಾಡುವವರು ಭಾಷೆಯ ಗಡಿಯನ್ನು ಗಮನಿಸುವುದೂ ಇಲ್ಲ. ಇಂಥ ಮನೆಯ ಮಗು ಶಿಬಿರಕ್ಕೆ ಬಂದಾಗ ಅಜ್ಜಿ ಹೇಳಿದ ‘ಪೊಡುಪು ಕಥ’ಯನ್ನು ಮರೆತು, ಮುದ್ರಿತ ನಾಟಕದ ಗ್ರಾಂಥಿಕ ಕನ್ನಡವನ್ನು ಉರುಹೊಡೆಯಬೇಕಾಗುತ್ತದೆ. ಒಗಟನ್ನು ಅವಳ ಮನೆಮಾತಿನಲ್ಲಿ ಕೇಳಿಸಿಕೊಂಡು, ಅದನ್ನು ಕನ್ನಡಕ್ಕೆ ಒಡೆಯುವ ಆಟವನ್ನೇ ಅವಳ ಕೈಗೆ ಕೊಟ್ಟರೆ ಕನ್ನಡ ಬಡವಾಗುವುದಿಲ್ಲ. ಗಡಿನಾಡಿನ ಸಾಂಸ್ಕೃತಿಕ ಅನುದಾನದ ಉದ್ದೇಶ ಕನ್ನಡದ ಬೆಳವಣಿಗೆ. ದ್ವಿಭಾಷಿಕ ಮಗುವಿನ ನಾಲಗೆಯ ಮೇಲೆ ಕನ್ನಡ ಹೇಗೆ ಬೆಳೆಯುತ್ತದೆಂಬ ಅರಿವಿಲ್ಲದೆ ಆ ಉದ್ದೇಶ ನಾಡಗೀತೆಯ ಸ್ಪರ್ಧೆಯಲ್ಲಿಯೇ ನಿಂತುಬಿಡುವ ಸಂಭವ ಹೆಚ್ಚು.

ಈ ಎಲ್ಲ ಪ್ರಶ್ನೆಗಳಿಗೆ ಜಿಲ್ಲೆಯೊಳಗಿಂದಲೇ ಬಂದ ಒಂದು ಉತ್ತರವಾಗಿ ‘ಆದಿಮ’ವನ್ನು ಪರಿಗಣಿಸಬೇಕು. ಕೋಲಾರ ನಗರದ ಮಗ್ಗುಲಿನ ತೇರಹಳ್ಳಿ ಬೆಟ್ಟದ ಮೇಲೆ, ಶಿವಗಂಗೆಯಲ್ಲಿ, ದಲಿತ ಚಳವಳಿಯ ಹಾಡುಗಾರ, ಕವಿ ಹಾಗೂ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು 2000ರ ದಶಕದ ಮಧ್ಯಭಾಗದಲ್ಲಿ ಗೆಳೆಯರ ವಂತಿಗೆಯಿಂದ ಕಟ್ಟಿದ ಸಾಂಸ್ಕೃತಿಕ ಕೇಂದ್ರವಿದು. ಪ್ರತಿ ಹುಣ್ಣಿಮೆಯ ರಾತ್ರಿ ನಡೆಯುವ ‘ಹುಣ್ಣಿಮೆ ಹಾಡು’ ನೂರನ್ನು ದಾಟಿ ಮುಂದುವರಿದಿದೆ. ಬೇಸಿಗೆಯಲ್ಲಿ ಮಕ್ಕಳಿಗಾಗಿ ‘ಚುಕ್ಕಿಮೇಳ’ ನಡೆದಿದೆ. ವಿಮರ್ಶೆಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಸಂಸ್ಥೆಯ ಕೀರ್ತಿಗಿಂತ ಅದು ಆರಿಸಿಕೊಂಡ ಕಾಲಗಣನೆ. ಹುಣ್ಣಿಮೆಯ ದಿನವನ್ನು ಯಾವ ಅತಿಥಿಯ ಬಿಡುವಿಗಾಗಿಯೂ ಮುಂದೂಡುವಂತಿಲ್ಲ. ಆರ್ಥಿಕ ವರ್ಷ ಮುಗಿದರೂ ಚಂದ್ರ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಬರುವ ಪ್ರದರ್ಶನ, ಬರುವವರಲ್ಲಿ ನೋಡುವ ಅಭ್ಯಾಸವನ್ನು ಬೆಳೆಸುತ್ತದೆ. ಬೆಟ್ಟ ಹತ್ತಿ ಬರುವ ಹಳ್ಳಿಯ ಮಗು ವರ್ಷಕ್ಕೆ ಒಂದು ನಾಟಕವನ್ನು ಆಡುವುದಕ್ಕಿಂತ ಹನ್ನೆರಡು ಬಾರಿ ರಂಗವನ್ನು ನೋಡುವುದು ಕಲಿಕೆಯ ದೃಷ್ಟಿಯಿಂದ ಹೆಚ್ಚಿನದಿರಬಹುದು. ಶಿಬಿರಗಳ ಚರ್ಚೆಯಲ್ಲಿ ಈ ನೋಡುವ ಶಿಕ್ಷಣದ ಪ್ರಸ್ತಾಪವೇ ಬರುವುದಿಲ್ಲ.

ಹೆಸರುಗಳನ್ನೂ ಗಮನಿಸಬಹುದು. ಸಂಸ್ಕೃತದಲ್ಲಿ ‘ಶಿಬಿರ’ವೆಂದರೆ ಸೈನ್ಯ ತಂಗುವ ಬೀಡು, ದಂಡು ಮುಂದೆ ಸಾಗಿದರೆ ಡೇರೆ ಕೀಳಲಾಗುತ್ತದೆ. ‘ಮೇಳ’ವೆಂದರೆ ಕೂಡುವಿಕೆ, ಬಯಲಾಟದ ಪರಿಭಾಷೆಯಲ್ಲಿ ಒಂದು ತಂಡ. ಚುಕ್ಕಿಮೇಳ, ಚಿಣ್ಣರ ಮೇಳ ಎಂಬ ಹೆಸರುಗಳನ್ನು ಇಟ್ಟವರು ಈ ವ್ಯತ್ಯಾಸವನ್ನು ಅರಿತೇ ಇಟ್ಟಿರಬೇಕು. ರಾಮಯ್ಯನವರು ಮಕ್ಕಳಿಗಾಗಿ ಬರೆದ ‘ಹಕ್ಕಿ ಹಾಡು’, ‘ಒಗಟಿನ ರಾಣಿ’ಯಂಥ ನಾಟಕಗಳ ಶೀರ್ಷಿಕೆಗಳೇ ಈ ಸೀಮೆಯ ಮೌಖಿಕ ಪರಂಪರೆಯ ಕಡೆಗೆ ಬೊಟ್ಟುಮಾಡುತ್ತವೆ.

ಹಾಗೆಂದು ಆದಿಮವನ್ನು ಎಲ್ಲೆಡೆ ನಕಲುಮಾಡಬಹುದಾದ ಮಾದರಿಯೆಂದು ಘೋಷಿಸುವುದು ಅವಸರದ ಮಾತಾಗುತ್ತದೆ. ಅದು ಒಂದು ಚಳವಳಿಯ ನೆನಪು, ಒಬ್ಬ ಬರಹಗಾರನ ವ್ಯಕ್ತಿತ್ವ, ಒಂದು ಬೆಟ್ಟ ಇವುಗಳ ಅಪರೂಪದ ಕೂಟ. ಅದಕ್ಕಿಂತ ಅಪಾಯಕಾರಿಯಾದುದು ಪ್ರಭುತ್ವ ಇದರಿಂದ ಕಲಿಯಬಹುದಾದ ತಪ್ಪು ಪಾಠ. ವಂತಿಗೆಯಿಂದ ಬೆಟ್ಟದ ಮೇಲೆ ರಂಗಭೂಮಿ ಕಟ್ಟಲು ಸಾಧ್ಯವಾಗಿದ್ದರೆ ಬೊಕ್ಕಸದ ಹಣವೇಕೆ ಎಂಬ ವಾದ ಕೇಳಲು ಹಿತವಾಗಿರುತ್ತದೆ. ಜಿಲ್ಲಾಕೇಂದ್ರದ ಟಿ. ಚನ್ನಯ್ಯ ರಂಗಮಂದಿರದಂಥ ಸಭಾಂಗಣವನ್ನು ಸಾರ್ವಜನಿಕ ಹಣದಲ್ಲಿ ಕಟ್ಟಿ ಕಾಪಾಡುವುದು ಯಾರಿಗೂ ಅಸಹಜವೆನಿಸುವುದಿಲ್ಲ. ಕೂಲಿಕಾರರ ಹಳ್ಳಿ ಮಾತ್ರ ತನ್ನ ಕಲೆಯ ವೆಚ್ಚವನ್ನು ತಾನೇ ಭರಿಸಿ ಸ್ವಾಭಿಮಾನ ಮೆರೆಯಬೇಕೆಂಬ ನಿರೀಕ್ಷೆ ಪಕ್ಷಪಾತದ್ದು.

ಕಾಲವನ್ನು ಕೊಳ್ಳುವ ಅನುದಾನ ಹೇಗಿರುತ್ತದೆಂಬುದಕ್ಕೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಒಂದು ಸುಳಿವು ಕೊಡುತ್ತದೆ. ಕಲ್ಲು ಮತ್ತು ಲೋಹದ ಶಿಲ್ಪಕ್ಕೆ ಹೆಸರಾದ ಆ ಊರಿನಲ್ಲಿ ಮಗು ಉಳಿ ಹಿಡಿಯುವ ಮುನ್ನ ವರ್ಷಗಟ್ಟಲೆ ಅಂಗಳದಲ್ಲಿ ಕಲ್ಲಿನ ಸದ್ದು ಕೇಳಿರುತ್ತದೆ. ಕರಕುಶಲ ಕ್ಷೇತ್ರದಲ್ಲಿ ಗುರುವಿಗೆ ಗೌರವಧನ, ಶಿಷ್ಯನಿಗೆ ಶಿಷ್ಯವೇತನ ಕೊಟ್ಟು ತಿಂಗಳುಗಟ್ಟಲೆ ಕಲಿಸುವ ಪದ್ಧತಿ ಸರ್ಕಾರಕ್ಕೆ ಹೊಸದೇನಲ್ಲ. ಮಾರಾಟಕ್ಕೆ ಬರುವ ವಿಗ್ರಹದ ವಿಷಯದಲ್ಲಿ ಕಲಿಕೆಗೆ ಕಾಲ ಬೇಕೆಂಬುದನ್ನು ಒಪ್ಪುವ ಆಡಳಿತ, ಮಾರಲು ಬಾರದ ಹಾಡು-ಕುಣಿತಗಳ ವಿಷಯದಲ್ಲಿ ಒಂದು ಸಂಜೆಗೆ ತೃಪ್ತಿಪಡುವುದೇಕೆ?

ಶಾಲೆಯ ಒಳಗೆ ಇದಕ್ಕೆ ಕಾನೂನಿನ ಆಧಾರವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರೊಬ್ಬರು ಇರಬೇಕೆಂದು ವಿಧಿಸುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯನ್ನು ಕಡ್ಡಾಯ ವಿಷಯವಾಗಿ ಕಂಡಿತು. ಕೇಳಿಕೆಯ ಮೇಷ್ಟರು, ತಮಟೆಯ ಕಲಾವಿದ, ಶಿವಾರಪಟ್ಟಣದ ಶಿಲ್ಪಿ, ತತ್ವಪದ ಹಾಡುವ ಹಿರಿಯಳು ಇಂಥ ಅರೆಕಾಲಿಕ ಬೋಧಕರಾಗಿ ವಾರಕ್ಕೆರಡು ದಿನ ಶಾಲೆಗೆ ಬರುವುದಕ್ಕೆ ಪದವಿಯ ಷರತ್ತನ್ನು ಸಡಿಲಿಸಬೇಕಾದೀತು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ‘ಕಲಿ-ಕಲಿಸು’ ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ಸ್ಥಳೀಯ ಕಲೆಯನ್ನು ತರಗತಿಗೆ ತರುವ ಯತ್ನ ನಡೆಸಿದ್ದು, ಅದು ಅಸಾಧ್ಯದ ಮಾತಲ್ಲವೆಂದು ತೋರಿಸಿದೆ.

ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಾಂಸ್ಕೃತಿಕ ನೀತಿಯ ವರದಿಯನ್ನು ಸಲ್ಲಿಸಿ, 2017ರಲ್ಲಿ ಸರ್ಕಾರ ಅದನ್ನು ಒಪ್ಪಿದ ಮೇಲೂ ತಾಲ್ಲೂಕು ಮಟ್ಟದ ಅನುದಾನದ ಘಟಕ ‘ಕಾರ್ಯಕ್ರಮ’ವಾಗಿಯೇ ಉಳಿದಿದೆ. ಬದಲಾವಣೆ ಬಹುಶಃ ಇನ್ನೂ ಕೆಳಗಿನ ಹಂತದಿಂದ ಬರಬೇಕು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದು, ನಂತರ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದವು, ಹಲವೆಡೆ ಮಕ್ಕಳ ಬೇಸಿಗೆ ಶಿಬಿರಗಳು ಅಲ್ಲಿಯೇ ನಡೆದಿವೆ. ಪಟ್ಟಣಕ್ಕೆ ಹೋಗಬೇಕಾಗಿಲ್ಲ, ಶುಲ್ಕವಿಲ್ಲ, ಕಟ್ಟಡ ವರ್ಷವಿಡೀ ತೆರೆದಿರುತ್ತದೆ. ಸಂಜೆಯ ಎರಡು ಗಂಟೆ, ವಾರಕ್ಕೆರಡು ಬಾರಿ, ಊರಿನದೇ ಕಲಾವಿದರೊಬ್ಬರ ಗೌರವಧನ ಎಂಬಷ್ಟು ಸಣ್ಣ ಬಾಬಿಗೆ ಇಲ್ಲಿ ಅವಕಾಶವಿದೆ. ಮಾವಿನ ತೋಪಿನಿಂದ ಹಿಂದಿರುಗಿದ ಮಗುವೂ ಆ ಹೊತ್ತಿಗೆ ಬಂದು ಸೇರಬಹುದು.

ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೆ ಈ ದೃಷ್ಟಿಯಿಂದ ವಿಶೇಷ ಮಹತ್ವವಿದೆ. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನ ತಿಂಗಳುಗಳಲ್ಲಿ ಅದು ಸೇರುತ್ತದೆ. ಅಂದರೆ ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು, ಮಾರ್ಚ್ ತಿಂಗಳ ಧಾವಂತಕ್ಕೂ ಮೊದಲು. ಠಾಕೂರರ ಕತೆಯಲ್ಲಿ ಅರಸ, ಅಳಿಯಂದಿರು, ಪಂಡಿತರು, ನಿಂದಕ ಎಲ್ಲರೂ ಮಾತನಾಡುತ್ತಾರೆ. ಗಿಳಿಯನ್ನು ಯಾರೂ ಏನನ್ನೂ ಕೇಳುವುದಿಲ್ಲ. ಇಲ್ಲಿ ಮಕ್ಕಳು ಶೌಚಾಲಯ, ಆಟದ ಮೈದಾನ, ಬಸ್ಸು, ಕುಡಿಯುವ ನೀರುಗಳನ್ನು ಕೇಳುತ್ತಾರೆ, ಕೇಳಲೇಬೇಕು. ತಮಟೆ ಕಲಿಸುವವರು ಬೇಕು, ಬಣ್ಣ ಬೇಕು, ರಾತ್ರಿಯ ಅಭ್ಯಾಸಕ್ಕೊಂದು ದೀಪ ಬೇಕು ಎಂಬ ಬೇಡಿಕೆಯೂ ಅದೇ ನಡಾವಳಿ ಪುಸ್ತಕದಲ್ಲಿ, ಅದೇ ಸಾಲಿನಲ್ಲಿ ದಾಖಲಾಗುವುದಕ್ಕೆ ಈಗಿರುವ ಯಾವ ನಿಯಮವನ್ನೂ ತಿದ್ದಬೇಕಾಗಿಲ್ಲ.